ಎಂಟು ತತ್ತಿಗಳ ಲೆಕ್ಕ

ಕಳೆದ ದಸರಾ ರಜೆಯಲ್ಲಿ ಒಂದು ಸಂಜೆ ದೇಶಪಾಂಡೆ ನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಕೈಯಲ್ಲಿ ಧಾರವಾಡ ಪೇಢೆಯ ಡಬ್ಬಿ. ನೌಕರಿ ಸಿಕ್ಕಿರಬೇಕು, ಬಾಯಿ ಸಿಹಿ ಮಾಡಲು ಬಂದಿದ್ದಾನೆ ಅಂದುಕೊಂಡೆ. ಡಬ್ಬಿ ತೆರೆದಾಗ ಒಳಗಿದ್ದದ್ದು ಒದ್ದೆಯಾದ ತೆಂಗಿನ ನಾರಿನ ಪುಡಿ, ಅದರ ಮೇಲೆ ಬಾಡಿ ಕುಗ್ಗಿದ ಎರಡು ತತ್ತಿ, ಪಕ್ಕಕ್ಕೆ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಒಂದು ಮರಿ. ಕಿರುಬೆರಳಿಗಿಂತ ತುಸು ಉದ್ದ, ಸುಣ್ಣ ಬಳಿದಂತೆ ಬಿಳಿ. ಹುಟ್ಟಿ ಎರಡು ದಿನವಾಗಿತ್ತಂತೆ. ಅಂದು ಬೆಳಿಗ್ಗೆ ಸತ್ತಿತ್ತು.

"ಸರ, ಯಾಕ ಸತ್ತತ್ರೀ ಇದು? ನಾ ಏನ ತಪ್ಪ ಮಾಡೇನ್ರೀ?"

"ಉಳಿದವು?"

"ಐದು ಅದಾವ್ರೀ. ಎಂಟು ತತ್ತಿ ಹಾಕಿತ್ತು. ಎರಡು ಒಡೀಲೇ ಇಲ್ಲ."

ಆ ಹುಡುಗ ಎರಡು ವರ್ಷದ ಹಿಂದೆ ಇನ್‌ಸ್ಟಾಗ್ರಾಂನಲ್ಲಿ ನೋಡಿ ಬೆಂಗಳೂರಿನಿಂದ ಎರಡು ಕ್ರೆಸ್ಟೆಡ್ ಗೆಕೊ ತರಿಸಿದ್ದ. ಒಂದು ಗಂಡು, ಒಂದು ಹೆಣ್ಣು. ಎರಡರ ಮೈಮೇಲೂ ಹಾಲು ಚೆಲ್ಲಿದಂತೆ ಬಿಳುಪು. 'ಲಿಲಿ ವೈಟ್' ಎಂಬ ಮಾರ್ಫ್ ಎಂದು ಮಾರಿದವನು ಹೇಳಿದ್ದ. ಎರಡಕ್ಕೂ ಕೂಡಿ ಕೊಟ್ಟ ದುಡ್ಡು ಅವನ ಒಂದು ಸೆಮಿಸ್ಟರಿನ ಫೀಗಿಂತ ಹೆಚ್ಚು. ಅವು ದೊಡ್ಡವಾದ ಮೇಲೆ ನನ್ನ ಹತ್ತಿರ ಬಂದು ಕೇಳಿದ್ದ: ಇವೆರಡನ್ನೇ ಜೋಡಿ ಮಾಡಲೇ, ಬೇರೆ ತರಿಸಲೇ? ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಚಹಾ ಕುಡಿಯುತ್ತ, ಯೋಚನೆಯನ್ನೇ ಮಾಡದೆ, "ಛಲೋ ಇದ್ದದ್ದಕ್ಕ ಛಲೋ ಇದ್ದದ್ದನ್ನೇ ಜೋಡಿ ಮಾಡಬೇಕಪಾ. ಎತ್ತಿಗೂ ಅದೇ, ಬೀಜಕ್ಕೂ ಅದೇ" ಅಂದಿದ್ದೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಮೆಂಡಲನ ನಾಲ್ಕು ಮನೆಯ ಚೌಕ ಬರೆದ ಕೈ ನನ್ನದು. ಆ ಚೌಕವನ್ನು ಅವತ್ತು ಒಂದು ಸಲ ಬರೆದು ನೋಡಿದ್ದರೆ ಸಾಕಿತ್ತು.

ಹೀಗಾಗಿ ಈ ಲೇಖನದ ಮೊದಲ ಆರೋಪಿ ನಾನೇ. ಎರಡನೆಯ ಆರೋಪಿ, ಬಣ್ಣಕ್ಕೆ ಹೆಸರಿಟ್ಟು ಮಾರುವ, ಸತ್ತ ತತ್ತಿಯ ಲೆಕ್ಕವನ್ನು ಯಾರಿಗೂ ತೋರಿಸದ ಹವ್ಯಾಸ. ನನ್ನ ವಾದ ಇಷ್ಟೇ: ತಂದೆತಾಯಿ ಯಾರೆಂದು ಗೊತ್ತಿಲ್ಲದ ಪ್ರಾಣಿಯಿಂದ ಮರಿ ಮಾಡಿಸಬಾರದು. ಮರಿ ಮಾಡಿಸುವವನು ಬದುಕಿದವುಗಳ ಫೋಟೊ ಜೊತೆಗೆ ಸತ್ತವುಗಳ ಲೆಕ್ಕವನ್ನೂ ಕೊಳ್ಳುವವರ ಮುಂದಿಡಬೇಕು. ಇದು ಆಗದವನು ಸಾಕಿಕೊಂಡಿರಲಿ, ಸಂತೋಷ. ಮರಿ ಮಾಡಿಸುವುದು ಬೇಡ.

ಮೊದಲು ಈ ಪ್ರಾಣಿಯ ಪರಿಚಯ ಆಗಬೇಕು. ಕ್ರೆಸ್ಟೆಡ್ ಗೆಕೊ ಎಂದರೆ ಒಂದು ಜಾತಿಯ ಹಲ್ಲಿ. ಊರು, ಶಾಂತ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಗಳು. ಫ್ರೆಂಚ್ ವಿಜ್ಞಾನಿ ಗಿಶೆನೊ 1866ರಲ್ಲಿ ಇದನ್ನು ಮೊದಲು ವಿವರಿಸಿದ. ಕಣ್ಣಿನ ಮೇಲೆ ರೆಪ್ಪೆಗೂದಲಿನಂತೆ ಕಾಣುವ ಮುಳ್ಳಿನ ಸಾಲು ಇದೆ. ಆ ಸಾಲು ತಲೆಯಿಂದ ಬೆನ್ನಿನವರೆಗೆ ಇಳಿಯುತ್ತದೆ. ಕಾಣುವುದು ರೆಪ್ಪೆಯಂತೆ, ಆದರೆ ಮುಚ್ಚುವ ರೆಪ್ಪೆ ಅದಕ್ಕಿಲ್ಲ. ನಾಲಿಗೆಯಿಂದ ಕಣ್ಣು ನೆಕ್ಕಿ ಒರೆಸಿಕೊಳ್ಳುತ್ತದೆ. ಹಣ್ಣನ್ನೂ ತಿನ್ನುತ್ತದೆ, ಹುಳುವನ್ನೂ ತಿನ್ನುತ್ತದೆ. ನಮ್ಮ ಗೋಡೆಯ ಹಲ್ಲಿಗೆ ಬಾಲ ಕಳಚಿದರೆ ಮತ್ತೆ ಬರುತ್ತದೆ, ಇದಕ್ಕೆ ಬರುವುದಿಲ್ಲ. ಬಹಳ ಕಾಲ ಯಾರ ಕಣ್ಣಿಗೂ ಬೀಳದೆ ಅಳಿದೇ ಹೋಯಿತು ಎಂದುಕೊಂಡಿದ್ದ ಈ ಹಲ್ಲಿ 1994ರಲ್ಲಿ ಮತ್ತೆ ಸಿಕ್ಕಿತು. ಆಮೇಲೆ ಯುರೋಪು, ಅಮೆರಿಕಾಗಳಿಗೆ ಹೋದ ಸ್ವಲ್ಪವೇ ಹಲ್ಲಿಗಳ ಸಂತಾನ ಇಂದು ಜಗತ್ತಿನ ಮನೆ ಮನೆಗಳ ಗಾಜಿನ ಪೆಟ್ಟಿಗೆಯಲ್ಲಿದೆ. ಮೂವತ್ತು ವರ್ಷದಲ್ಲಿ ಆ ಸಂತಾನ ನಮ್ಮ ಓಣಿಯನ್ನೂ ಮುಟ್ಟಿದೆ.

ಹಲ್ಲಿ ನಮಗೆ ಹೊಸದಲ್ಲ. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ "ನೋಡ್ರಿ, ಹಲ್ಲಿ ನುಡೀತು, ಖರೇ ಅದ" ಎನ್ನುವ ಮಂದಿ ನಾವು. ಮೈಯ ಯಾವ ಭಾಗದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಪಟ್ಟಿ ಇದೆ. ಅಜ್ಜಿ ಹಲ್ಲಿಯಲ್ಲಿ ಭವಿಷ್ಯ ಓದುತ್ತಿದ್ದಳು, ಮೊಮ್ಮಗ ಅದರಲ್ಲಿ ರೇಟು ಓದುತ್ತಿದ್ದಾನೆ. ಇಬ್ಬರೂ ಹಲ್ಲಿಯನ್ನು ಮಾತ್ರ ಓದುತ್ತಿಲ್ಲ ಎಂಬುದು ನನ್ನ ತಕರಾರು.

ಮಾರ್ಫ್ ಎಂದರೆ ಬಣ್ಣ ಮತ್ತು ಚಿತ್ತಾರದ ಒಂದು ಮಾದರಿ. ಹೆಸರುಗಳನ್ನು ಕೇಳಿ: ಫ್ಲೇಮ್, ಹಾರ್ಲೆಕ್ವಿನ್, ಪಿನ್‌ಸ್ಟ್ರೈಪ್, ಟೈಗರ್, ಬ್ರಿಂಡಲ್, ಡಾಲ್ಮೇಷಿಯನ್. ಆಮೇಲೆ ಕಾಫಿ ಅಂಗಡಿಯ ಮೆನು ಶುರು: ಕ್ಯಾಪುಚಿನೊ, ಫ್ರಾಪುಚಿನೊ, ಲುವಾಕ್. ಹೆಸರಿಗೆ ನನ್ನ ಜಗಳವಿಲ್ಲ. ನಾವೂ ಎತ್ತಿಗೆ ಕೆಂದ, ಮಾಸ, ಕರಿಯ ಎಂದು ಹೆಸರಿಟ್ಟವರೇ. ಆದರೆ ಈ ಪಟ್ಟಿಯಲ್ಲಿ ಎರಡು ಜಾತಿಯ ಹೆಸರು ಬೆರೆತಿವೆ. ಅದನ್ನು ಬೇರ್ಪಡಿಸಿ ಹೇಳುವವರು ಕಡಿಮೆ.

ಫ್ಲೇಮ್, ಹಾರ್ಲೆಕ್ವಿನ್, ಟೈಗರ್ ಮುಂತಾದವು ಕಣ್ಣಿಗೆ ಕಂಡದ್ದರ ವರ್ಣನೆ. ಬೆನ್ನ ಮೇಲೆ ಮಾತ್ರ ಕೆನೆಬಣ್ಣ ಇದ್ದರೆ ಫ್ಲೇಮ್, ಅದು ಪಕ್ಕೆಗೂ ಕಾಲಿಗೂ ಇಳಿದರೆ ಹಾರ್ಲೆಕ್ವಿನ್, ಅಡ್ಡ ಪಟ್ಟೆ ಇದ್ದರೆ ಟೈಗರ್. ಇವು ಹಲವು ವಂಶವಾಹಿಗಳು ಕೂಡಿ ಆಡುವ ಆಟ. ಹಾರ್ಲೆಕ್ವಿನ್‌ಗೆ ಹಾರ್ಲೆಕ್ವಿನ್ ಕೂಡಿಸಿದರೆ ಹಾರ್ಲೆಕ್ವಿನ್ ಬಂದೇ ಬರುತ್ತದೆ ಎಂದು ಬರೆದುಕೊಡಲು ಆಗದು. ಲಿಲಿ ವೈಟ್, ಕ್ಯಾಪುಚಿನೊ, ಸೇಬಲ್, ಅಕ್ಸಾಂತಿಕ್ ಇವುಗಳ ಮಾತು ಬೇರೆ. ಒಂದೇ ವಂಶವಾಹಿಯ ಬದಲಾವಣೆಯಿಂದ ಬಂದು ಲೆಕ್ಕದ ಪ್ರಕಾರ ಮರಿಗಳಿಗೆ ಇಳಿಯುವ ಗುಣಗಳು ಎಂದು ಸಾಕಣೆದಾರರು ಜೋಡಿ ಮಾಡಿ ಮಾಡಿ ಕಂಡುಕೊಂಡಂಥವು. ಮೊದಲ ಗುಂಪಿನ ಹೆಸರು ತಪ್ಪಾದರೆ ಹೋಗುವುದು ದುಡ್ಡು. ಎರಡನೆಯ ಗುಂಪಿನ ಹೆಸರು ತಪ್ಪಾದರೆ ಹೋಗುವುದು ಜೀವ.

ಗುರುತಿಸುವುದು ಅಷ್ಟು ಸುಲಭವೇ? ಈ ಹಲ್ಲಿ ಹಗಲು ನಿದ್ದೆಯಲ್ಲಿ ಪೇಲವವಾಗಿ, ರಾತ್ರಿ ಎಚ್ಚರವಾದಾಗ ಬಣ್ಣ ಏರಿಸಿಕೊಂಡು ಇರುತ್ತದೆ. ಬೂದಿಬಣ್ಣದ್ದು ಎಂದು ಹಗಲು ಕಂಡದ್ದು ರಾತ್ರಿ ಇಟ್ಟಿಗೆಗೆಂಪು. ಹುಟ್ಟಿದಾಗಿನ ಬಣ್ಣ ವರ್ಷ ಕಳೆಯುವುದರೊಳಗೆ ಬದಲಾಗುತ್ತದೆ. ಡಾಲ್ಮೇಷಿಯನ್ ಚುಕ್ಕೆಗಳು ಬೆಳೆಯುತ್ತ ಹೆಚ್ಚುತ್ತವೆ. ಬಿಳುಪು ಹೆಚ್ಚಿರುವ ಹಾರ್ಲೆಕ್ವಿನ್ ಲಿಲಿ ವೈಟ್‌ನಂತೆ ಕಾಣಬಹುದು. ಬಿಳುಪು ಕಡಿಮೆ ಇರುವ ಲಿಲಿ ವೈಟ್ ಸಾದಾ ಹಾರ್ಲೆಕ್ವಿನ್‌ನಂತೆ ಕಾಣಬಹುದು. ಅಂದರೆ ಒಂದು ಫೋಟೊ ನೋಡಿ, ಅದೂ ಬಣ್ಣ ಏರಿಸಿ ಎಡಿಟ್ ಮಾಡಿದ ಫೋಟೊ ನೋಡಿ, ಮಾರ್ಫ್ ಹೇಳುವುದು ಜಾತಕ ನೋಡದೆ ಮುಖ ನೋಡಿ ಗೋತ್ರ ಹೇಳಿದಂತೆ. ತಾಯಿ ಯಾವುದು, ತಂದೆ ಯಾವುದು, ಅದೇ ಜೋಡಿಯ ಬೇರೆ ಮರಿಗಳು ಹೇಗಿವೆ, ಇಷ್ಟು ತಿಳಿದ ಮೇಲೆ ಹೆಸರು ಹೇಳಬಹುದು. ತಿಳಿಯದಿದ್ದರೆ 'ಗೊತ್ತಿಲ್ಲ' ಎಂದು ಬರೆಯುವುದೇ ಸರಿಯಾದ ಗುರುತಿಸುವಿಕೆ. 'ಗೊತ್ತಿಲ್ಲ' ಎಂಬ ಮಾರ್ಫ್‌ಗೆ ಮಾರುಕಟ್ಟೆಯಲ್ಲಿ ರೇಟಿಲ್ಲ, ಅದಕ್ಕೇ ಯಾರೂ ಬರೆಯುವುದಿಲ್ಲ.

ಈಗ ಆ ಎಂಟು ತತ್ತಿಗಳಿಗೆ ಬರೋಣ. ಲಿಲಿ ವೈಟ್ ಗುಣದ ವಂಶವಾಹಿ ತಂದೆತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದರೆ ಹಲ್ಲಿ ಚಂದದ ಬಿಳುಪು ಹೊತ್ತು ಆರೋಗ್ಯವಾಗಿ ಬದುಕುತ್ತದೆ. ಇಬ್ಬರಿಂದಲೂ ಬಂದರೆ ಮರಿ ತತ್ತಿಯಲ್ಲೇ ಸಾಯುತ್ತದೆ, ಇಲ್ಲವೇ ಹೊರಗೆ ಬಂದು ಸ್ವಲ್ಪ ಹೊತ್ತಿನಲ್ಲಿ ಸಾಯುತ್ತದೆ. ಬದುಕುವ ದಾರಿಯೇ ಅದಕ್ಕಿಲ್ಲ. ಇದು ಗುಟ್ಟಲ್ಲ, ಈ ಮಾರ್ಫ್ ಸಾಕುವ ಹಳಬರಿಗೆಲ್ಲ ಗೊತ್ತಿರುವ ಸಂಗತಿ.

ಚೌಕ ಬರೆಯಿರಿ. ಲಿಲಿ ವೈಟ್ ಒಂದನ್ನು ಸಾದಾ ಹಲ್ಲಿಯ ಜೊತೆ ಬಿಟ್ಟರೆ ಎಂಟು ತತ್ತಿಗೆ ಸರಾಸರಿ ನಾಲ್ಕು ಲಿಲಿ ವೈಟ್, ನಾಲ್ಕು ಸಾದಾ. ಈ ಕಾರಣಕ್ಕೆ ಸಾಯುವುದು ಒಂದೂ ಇಲ್ಲ. ಲಿಲಿ ವೈಟ್‌ಗೆ ಲಿಲಿ ವೈಟನ್ನೇ ಕೂಡಿಸಿದರೆ ಎಂಟಕ್ಕೆ ನಾಲ್ಕು ಲಿಲಿ ವೈಟ್, ಎರಡು ಸಾದಾ, ಎರಡು ಸಾವು. ಎರಡು ಸಾಲನ್ನೂ ಇನ್ನೊಮ್ಮೆ ಓದಿ. ಬೇಕಾದ ಬಿಳಿ ಮರಿ ಎರಡರಲ್ಲೂ ನಾಲ್ಕೇ. 'ಛಲೋದಕ್ಕೆ ಛಲೋದು' ಎಂದು ಜೋಡಿ ಮಾಡಿದವನಿಗೆ ಒಂದೇ ಒಂದು ಬಿಳಿ ಮರಿಯೂ ಹೆಚ್ಚಿಗೆ ಸಿಗಲಿಲ್ಲ. ಎರಡು ಸಾದಾ ಮರಿಗಳ ಜಾಗದಲ್ಲಿ ಎರಡು ಹೆಣ ಸಿಕ್ಕಿತು. ಆಸೆಗಾದರೂ ಮಾಡಿದ ಪಾಪ ಎನ್ನೋಣವೆಂದರೆ ಆಸೆಯೂ ಈಡೇರುವುದಿಲ್ಲ. ಲೆಕ್ಕ ಬಾರದ್ದಕ್ಕೆ ತೆತ್ತ ಜೀವಗಳು ಅವು.

ನಮ್ಮ ಹುಡುಗನ ಪಾಲಿಗೆ ಎರಡರ ಬದಲು ಮೂರು ಹೋದವು. ಒಂದೊಂದು ತತ್ತಿ ಯಾಕೆ ಕೆಟ್ಟಿತು ಎಂದು ಆಣೆ ಮಾಡಿ ಹೇಳಲಾಗದು. ಈ ಹಲ್ಲಿಗೆ ಹಿತವಾದದ್ದು 22ರಿಂದ 26 ಡಿಗ್ರಿ. ನಮ್ಮ ಹುಬ್ಬಳ್ಳಿಯ ಏಪ್ರಿಲ್ ಬಿಸಿಲು 36, 37ಕ್ಕೆ ಏರುತ್ತದೆ, ಕರೆಂಟ್ ಹೋದ ಮಧ್ಯಾಹ್ನ ಯಾವ ಡಬ್ಬಿಯೊಳಗೆ ಎಷ್ಟು ಕಾವು ಇತ್ತೋ ಯಾರು ಕಂಡರು. ಆದರೆ ಬಿಸಿಲು ಬರುವ ಮೊದಲೇ, ಜೋಡಿ ಮಾಡಿದ ದಿನವೇ, ಆ ಎಂಟರಲ್ಲಿ ಪ್ರತಿ ತತ್ತಿಯ ತಲೆಯ ಮೇಲೂ ನಾಲ್ಕರಲ್ಲಿ ಒಂದು ಪಾಲಿನ ಮರಣಶಾಸನ ಬರೆದಾಗಿತ್ತು. ಬರೆದವರು ಅವನೂ ನಾನೂ.

ಲಿಲಿ ವೈಟ್ ಒಂದೇ ಹೀಗಲ್ಲ. ಕ್ಯಾಪುಚಿನೊ ಗುಣ ಎರಡೂ ಕಡೆಯಿಂದ ಬಂದ ಹಲ್ಲಿಗೆ ಬಣ್ಣ ಕಡುಗಪ್ಪಾಗುತ್ತದೆ. ಅದನ್ನು 'ಸೂಪರ್' ಎಂದು ಕರೆದರು. ಅಂಥವುಗಳಲ್ಲಿ ಮೂಗಿನ ಹೊಳ್ಳೆ ಕಿರಿದಾಗಿರುವುದು ಕಂಡುಬಂದು ಹಲವು ಸಾಕಣೆದಾರರು ಆ ಜೋಡಿಯನ್ನೇ ಬಿಟ್ಟರು. ಸೇಬಲ್ ಎನ್ನುವುದು ಇದೇ ವಂಶವಾಹಿಯ ಇನ್ನೊಂದು ರೂಪ ಎಂಬುದು ಆಮೇಲೆ ತಿಳಿಯಿತು. 'ಬೇರೆ ಹೆಸರು, ಆದ್ದರಿಂದ ಬೇರೆ ಗುಣ' ಎಂದು ನಂಬಿ ಇವೆರಡನ್ನು ಕೂಡಿಸಿದವನು ಅರಿವಿಲ್ಲದೆ ಅದೇ ಬಾವಿಗೆ ಇನ್ನೊಂದು ಕಡೆಯಿಂದ ಇಳಿದಂತೆ.

ಇನ್ನೂ ದೊಡ್ಡ ಪಾಠ ಲೆಪರ್ಡ್ ಗೆಕೊ ಎಂಬ ಇನ್ನೊಂದು ಸಾಕುಹಲ್ಲಿಯದು. ಅದರಲ್ಲಿ 'ಲೆಮನ್ ಫ್ರಾಸ್ಟ್' ಎಂಬ ನಿಂಬೆಹಳದಿ ಬಣ್ಣದ ಮಾರ್ಫ್ ಬಂದಾಗ ಅಮೆರಿಕಾದಲ್ಲಿ ಅದಕ್ಕೆ ಭಾರಿ ಬೆಲೆ ಬಂತು. ಕೆಲ ಕಾಲದಲ್ಲಿ ಅವುಗಳ ಚರ್ಮದ ಮೇಲೆ ಬಿಳಿ ಗಂಟುಗಳು ಕಾಣಿಸಿದವು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಆ ಬಣ್ಣ ಕೊಡುವ ಜೀವಕೋಶಗಳೇ ಅಂಕೆ ಮೀರಿ ಬೆಳೆದು ಗಡ್ಡೆಯಾಗುತ್ತವೆ, ಲೆಮನ್ ಫ್ರಾಸ್ಟ್ ಹಲ್ಲಿಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವುಗಳಿಗೆ ಈ ಗಡ್ಡೆ ಬರುತ್ತದೆ. ಸಂಬಂಧಪಟ್ಟ ವಂಶವಾಹಿ, ಮನುಷ್ಯರ ಕ್ಯಾನ್ಸರಿನ ಅಧ್ಯಯನದಲ್ಲೂ ಹೆಸರು ಕೇಳಿಬಂದ ಸ್ಪಿಂಟ್1. ಕೊಂಡವರು ಮೆಚ್ಚಿದ ಬಣ್ಣವೂ ಆ ಹಲ್ಲಿಗೆ ಬಂದ ರೋಗವೂ ಬೇರೆ ಬೇರೆ ಆಗಿರಲಿಲ್ಲ.

ಸುಪ್ತ ಗುಣಗಳದ್ದು ಇನ್ನೊಂದು ಕಥೆ. ಅಕ್ಸಾಂತಿಕ್ ಎಂಬ ಬೂದುಬಣ್ಣ ಕಾಣಬೇಕಾದರೆ ವಂಶವಾಹಿ ಎರಡೂ ಕಡೆಯಿಂದ ಬರಬೇಕು. ಒಂದೇ ಕಡೆಯಿಂದ ಬಂದರೆ ಹೊರಗೆ ಕಾಣದು, ಒಳಗೆ ಮಾತ್ರ ಇರುತ್ತದೆ. ಅಂಥದ್ದಕ್ಕೆ 'ಹೆಟ್' ಎನ್ನುತ್ತಾರೆ. '66 ಪರ್ಸೆಂಟ್ ಹೆಟ್' ಎಂಬ ಚೀಟಿ ಅಂಟಿಸಿ ಮಾರುವುದನ್ನು ನೋಡಿದ್ದೇನೆ. ಕೊಳ್ಳುವ ಹುಡುಗರು ಆ ಗುಣ ಮುಕ್ಕಾಲು ಪಾಲಿನ ಹತ್ತಿರ ಇದೆ ಎಂದುಕೊಳ್ಳುತ್ತಾರೆ. ಅದರ ಅರ್ಥ ಬೇರೆ. ಇಬ್ಬರು ಹೆಟ್ ತಂದೆತಾಯಿಗೆ ಹುಟ್ಟಿದ, ಸಾದಾ ಕಾಣುವ ಮೂರು ಮರಿಗಳಲ್ಲಿ ಎರಡು ಆ ಗುಣ ಹೊತ್ತಿರುತ್ತವೆ. ಯಾವ ಎರಡು ಎಂದು ನೋಡಿ ಹೇಳಲಾಗದು. ನಿಮ್ಮ ಕೈಗೆ ಬಂದ ಹಲ್ಲಿಯಲ್ಲಿ ಅದು ಪೂರ್ತಿ ಇದೆ, ಇಲ್ಲವೇ ಇಲ್ಲವೇ ಇಲ್ಲ. ತಂದೆತಾಯಿಯ ದಾಖಲೆ ಇಲ್ಲದಿದ್ದರೆ ಆ 66 ಎಂಬ ಅಂಕಿ ಶುದ್ಧ ಗಾಳಿಪಟ.

ತಾಯಿಯ ಮಾತು ಯಾರೂ ಆಡುವುದಿಲ್ಲ. ಹೆಣ್ಣು ಹಲ್ಲಿ ಒಂದು ಸಲಕ್ಕೆ ಎರಡು ತತ್ತಿ ಇಡುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ವರ್ಷದ ಎಂಟು ಹತ್ತು ತಿಂಗಳು ಇಡುತ್ತಲೇ ಹೋಗಬಲ್ಲದು. ಗಂಡಿನ ವೀರ್ಯವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ಶಕ್ತಿ ಇರುವುದರಿಂದ ಗಂಡನ್ನು ಬೇರೆ ಮಾಡಿದ ಮೇಲೂ ತತ್ತಿ ನಿಲ್ಲುವುದಿಲ್ಲ. ಪ್ರತಿ ತತ್ತಿಯ ಸಿಪ್ಪೆಗೂ ಸುಣ್ಣದ ಅಂಶ ಬೇಕು. ಬಾಯಿಯ ಮೇಲಂಗಳದಲ್ಲಿ ಎರಡು ಬಿಳಿ ಚೀಲಗಳಲ್ಲಿ ಅದು ಕ್ಯಾಲ್ಸಿಯಂ ಕೂಡಿಟ್ಟುಕೊಂಡಿರುತ್ತದೆ. ಅದು ಬರಿದಾದಾಗ ಎಲುಬಿನಿಂದ ಎಳೆದುಕೊಳ್ಳುತ್ತದೆ. ಆಮೇಲೆ ಕೈಕಾಲು ನಡುಕ, ಆಮೇಲೆ ಸಾವು. ಆದ್ದರಿಂದಲೇ ಹೆಣ್ಣಿಗೆ ಒಂದೂವರೆ ವರ್ಷವಾದರೂ ತುಂಬಿ ತೂಕ 35 ಗ್ರಾಂ ದಾಟುವ ತನಕ ಗಂಡನ್ನು ಬಿಡಬಾರದು, ವರ್ಷಕ್ಕೆ ಕೆಲವು ತಿಂಗಳು ಬಿಡುವು ಕೊಡಬೇಕು ಎಂದು ಬಲ್ಲವರು ಹೇಳುತ್ತಾರೆ. ಮಾರಾಟದ ಫೋಟೊಗಳಲ್ಲಿ ಮರಿಗಳು ಕಾಣುತ್ತವೆ. ಹತ್ತು ತಿಂಗಳು ತತ್ತಿ ಇಟ್ಟ ತಾಯಿಯ ಫೋಟೊ ಕೇಳಿ ನೋಡಿ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

"ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಿದ್ದೇ. ಸಾಕಿದರೆ ಜಾತಿ ಉಳಿಯುತ್ತದೆ." ಕಾಡಿನಿಂದ ತರುವುದಿಲ್ಲ ಎಂಬುದು ಒಳ್ಳೆಯದೇ, ಒಪ್ಪಿದೆ. ಉಳಿಯುವ ಮಾತು ಮಾತ್ರ ಒಪ್ಪಲಾರೆ. ನ್ಯೂ ಕ್ಯಾಲೆಡೋನಿಯಾದ ಕಾಡಿನಲ್ಲಿ ಈ ಹಲ್ಲಿಗೆ ಹೊರಗಿನಿಂದ ಬಂದ ಕಿರುಬೆಂಕಿ ಇರುವೆ, ಇಲಿಗಳ ಕಾಟ. ನಾವು ಹುಬ್ಬಳ್ಳಿಯಲ್ಲಿ ಬಿಳಿ ಮರಿ ಮಾಡಿಸಿದರೆ ಅಲ್ಲಿ ಒಂದು ಇರುವೆಯೂ ಕಡಿಮೆ ಆಗುವುದಿಲ್ಲ. ಯಾವ ದ್ವೀಪದ ಯಾವ ಕಾಡಿನದು ಎಂಬ ಗುರುತೇ ಅಳಿಸಿಹೋಗುವಷ್ಟು ಬೆರೆತ ಈ ಹಲ್ಲಿಗಳನ್ನು ಯಾರೂ ಆ ಕಾಡಿಗೆ ಮರಳಿ ಬಿಡುವುದಿಲ್ಲ. ಹವ್ಯಾಸ ಎನ್ನಿ, ವ್ಯಾಪಾರ ಎನ್ನಿ. ಸಂರಕ್ಷಣೆ ಎಂದು ಕರೆಯಬೇಡಿ.

"ನಿಸರ್ಗದಲ್ಲೂ ಮರಿಗಳು ಸಾಯುತ್ತವೆ." ಸಾಯುತ್ತವೆ. ಅಲ್ಲಿ ಯಾರೂ ಎರಡು ಹಲ್ಲಿಗಳನ್ನು ಆರಿಸಿ ಒಂದೇ ಪೆಟ್ಟಿಗೆಯಲ್ಲಿ ಕೂಡಿ ಹಾಕುವುದಿಲ್ಲ. ಆಯ್ಕೆ ಮಾಡಿದವನ ಮೇಲೆ ಆಯ್ಕೆಯ ಹೊಣೆ.

"ಒಂದು ಹಲ್ಲಿಗೆ ಇಷ್ಟೊಂದು ರಾಮಾಯಣವೇ?" ಈ ಪ್ರಶ್ನೆಯನ್ನು ಸಾಕದವನು ಕೇಳಿದರೆ ತಾಳಿಕೊಳ್ಳುತ್ತೇನೆ. ಸೆಮಿಸ್ಟರ್ ಫೀಗಿಂತ ಹೆಚ್ಚು ಕೊಟ್ಟು ತಂದವನು ಕೇಳಿದರೆ ನಗು ಬರುತ್ತದೆ. ಕೊಳ್ಳುವಾಗ ರತ್ನ, ಸತ್ತಾಗ ಬರೀ ಹಲ್ಲಿಯೇ?

"ಹುಡುಗರು ನಾಲ್ಕು ದುಡ್ಡು ದುಡಿಯಲಿ ಬಿಡ್ರಿ." ಇದಕ್ಕೆ ನಾನು ಗಂಭೀರವಾಗಿ ಉತ್ತರ ಕೊಡಬೇಕು, ಏಕೆಂದರೆ ಹುಬ್ಬಳ್ಳಿ ವ್ಯಾಪಾರಸ್ಥರ ಊರು, ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಊರಿನ ಅಡತಿ ಅಂಗಡಿಯ ಹಳೆಯ ಕಿರ್ದಿ ತೆಗೆದು ನೋಡಿ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಮಳೆಗೆ ನೆಂದು ಕೆಟ್ಟ ಹತ್ತಿ ಅಂಡಿಗೆಯನ್ನೂ ಬರೆದಿರುತ್ತಾರೆ. ಕೆಟ್ಟದ್ದನ್ನು ಬರೆಯದ ಲೆಕ್ಕಕ್ಕೆ ಈ ಊರಿನಲ್ಲಿ ಲೆಕ್ಕ ಎನ್ನುವುದಿಲ್ಲ. ಹಲ್ಲಿ ಮಾರುವವರಿಂದ ನಾನು ಕೇಳುತ್ತಿರುವುದು ಅಷ್ಟನ್ನೇ.

ಹೆಸರು ಕೊಡುವುದು ಹೇಗೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಆ ಸಂಜೆ ಮರಿಯ ಹೆಣ ಹೊತ್ತು ಬಂದ ಡಬ್ಬಿಯಲ್ಲಿ ಮೊದಲು ಇದ್ದದ್ದು ಪೇಢೆ. ಪೇಢೆಯ ಹಿಂದೆ ಇರುವುದು ನಮ್ಮ ಸೀಮೆಯ ಎಮ್ಮೆಯ ಹಾಲು. ತಲೆಮಾರುಗಳಿಂದ ನಮ್ಮ ರೈತರು ಸಾಕಿಕೊಂಡು ಬಂದ ಆ ಎಮ್ಮೆಗೆ 'ಧಾರವಾಡಿ' ಎಂಬ ತಳಿಯ ಅಧಿಕೃತ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ಅದರ ಗುಣಲಕ್ಷಣಗಳನ್ನು ಮುಂದಿಟ್ಟ ಮೇಲೆ ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ನೋಂದಾಯಿಸಿತು. ಕೋಡಿನ ಬಾಗು, ಮೈಕಟ್ಟು, ಹಾಲು, ಯಾವ ಪ್ರದೇಶದಲ್ಲಿ ಎಷ್ಟಿವೆ ಎಂಬ ವಿವರ ಮೊದಲು. ಹೆಸರಿನ ಮುದ್ರೆ ಆಮೇಲೆ. ಮುಧೋಳದ ನಾಯಿಯನ್ನೂ ನೋಡಿ. ಮುಧೋಳದ ರಾಜಮನೆತನದ ಘೋರ್ಪಡೆಯವರು ಆ ಬೇಟೆನಾಯಿಯನ್ನು ಆಗ ಆರಿಸಿದ್ದು ಓಟ ನೋಡಿ, ದಮ್ಮು ನೋಡಿ. ಇಂದು ಅದರ ತಳಿ ಶುದ್ಧವಾಗಿ ಉಳಿಯಲೆಂದು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ನಮ್ಮ ಹಲ್ಲಿ ಹವ್ಯಾಸದಲ್ಲಿ ಇದು ತಲೆಕೆಳಗು: ಹೆಸರು ಮೊದಲು, ರೇಟು ಎರಡನೆಯದು, ವಿವರ ಯಾರಿಗೂ ಬೇಡ.

ಕಾನೂನು ನೋಡಿಕೊಳ್ಳುತ್ತದೆ ಎನ್ನುವವರಿಗೆ ಒಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ, ಅದರ ಮೇಲೆ 2024ರಲ್ಲಿ ಬಂದ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಸಾಕಿದವರು ಅದನ್ನು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಹುಟ್ಟು, ಸಾವು, ಕೈ ಬದಲಾದದ್ದನ್ನೂ ತಿಳಿಸಬೇಕು. ಯಾವ ಪ್ರಾಣಿ ತಂದರೂ ಅದು ಆ ಪಟ್ಟಿಯಲ್ಲಿದೆಯೇ ಎಂದು ತರುವ ಮೊದಲೇ ನೋಡಿಕೊಳ್ಳುವುದು ನಿಮ್ಮ ಕೆಲಸ. ಆದರೆ ನೋಂದಣಿ ಕೇಳುವುದು ಎಷ್ಟಿವೆ, ಯಾರ ಹತ್ತಿರ ಇವೆ ಎಂದು. ಯಾವುದಕ್ಕೆ ಯಾವುದನ್ನು ಜೋಡಿ ಮಾಡಿದಿರಿ ಎಂದು ಅದು ಕೇಳುವುದಿಲ್ಲ. ನಾಯಿಗಳಿಗೆ 2017ರ ನಿಯಮಗಳಿವೆ. 18 ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸುವಂತಿಲ್ಲ, ಹತ್ತಿರದ ರಕ್ತಸಂಬಂಧದಲ್ಲಿ ಜೋಡಿ ಮಾಡುವಂತಿಲ್ಲ, ದಾಖಲೆ ಇಡಬೇಕು. ಅದನ್ನು ಬರೆದದ್ದು ನಾಯಿಗಾಗಿ. ಹಲ್ಲಿಗೆ ಆ ನಿಯಮವನ್ನು ಸಾಕುವವನು ತಾನೇ ಹಾಕಿಕೊಳ್ಳಬೇಕು.

ಹಾಕಿಕೊಳ್ಳುವುದಾದರೆ ಹೀಗೆ. ಒಂದು ನೋಟ್‌ಬುಕ್ ಇಡಿ. ತಂದೆತಾಯಿಯ ಹಗಲಿನ ಫೋಟೊ, ರಾತ್ರಿಯ ಫೋಟೊ, ತೂಕ, ಜೋಡಿ ಮಾಡಿದ ತಾರೀಖು, ಇಟ್ಟ ತತ್ತಿ, ಒಡೆದ ತತ್ತಿ, ಕೆಟ್ಟ ತತ್ತಿ ಬರೆಯಿರಿ. ಲಿಲಿ ವೈಟ್‌ಗೆ ಲಿಲಿ ವೈಟ್ ಬೇಡ, ಅದರಂತೆ ಕಾಣುವ, ತಂದೆತಾಯಿ ಗೊತ್ತಿಲ್ಲದ ಬಿಳಿ ಹಲ್ಲಿಯೂ ಬೇಡ. ಕ್ಯಾಪುಚಿನೊಗೆ ಕ್ಯಾಪುಚಿನೊ ಬೇಡ, ಸೇಬಲ್ಲೂ ಬೇಡ. ಅಣ್ಣ ತಂಗಿ ಬೇಡ. ಹೆಣ್ಣಿನ ವಯಸ್ಸು, ತೂಕ, ಬಿಡುವು ಪಾಲಿಸಿ. ಹುಟ್ಟುವ ಸಾದಾ ಮರಿಗಳಿಗೂ ಮನೆ ಸಿಗುತ್ತದೆಯೇ ಎಂದು ಜೋಡಿ ಮಾಡುವ ಮೊದಲೇ ನೋಡಿ. ಇವು ಹದಿನೈದು ಇಪ್ಪತ್ತು ವರ್ಷ ಬದುಕುವ ಪ್ರಾಣಿಗಳು. ಸಿಗದಿದ್ದರೆ ನೀವೇ ಸಾಕಬೇಕು. ಬೇಡವಾದಾಗ ಉಣಕಲ್ ಕೆರೆಯ ದಂಡೆಯ ಮರದ ಮೇಲೆ ಬಿಟ್ಟು ಬರುವುದು ಪರಿಹಾರವಲ್ಲ. ಅದಕ್ಕೂ ಕೇಡು, ಇಲ್ಲಿನ ಜೀವಿಗಳಿಗೂ ಕೇಡು. ಹೀಗೆ ಬಿಟ್ಟ ಕೆಂಪುಕಿವಿಯ ಆಮೆಗಳು ದೇಶದ ಎಷ್ಟೋ ಕೆರೆಗಳಲ್ಲಿ ಈಗ ತೆಗೆಯಲಾಗದಂತೆ ಕೂತಿವೆ. ಕೊಳ್ಳುವವರು ಒಂದೇ ಪ್ರಶ್ನೆ ಕೇಳಿದರೂ ಸಾಕು: "ಈ ಜೋಡಿಯ ಎಷ್ಟು ತತ್ತಿ ಕೆಟ್ಟಾವ್ರೀ?" ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಆ ಸಂಜೆ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಮನೆಯ ಚೌಕ ಬರೆದು ತೋರಿಸಿದೆ. ಬಿಎಸ್ಸಿಯಲ್ಲಿ ಅದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡಿದ್ದ ಹುಡುಗ. ಬಹಳ ಹೊತ್ತು ನೋಡಿದ. ಆಮೇಲೆ, "ಇದು ಪರೀಕ್ಷಾದಾಗ ಬಟಾಣಿ ಇತ್ತಲ್ರೀ ಸರ" ಅಂದ. ಹೌದು, ಬಟಾಣಿ ಎಂದೇ ಕಲಿಸಿದ್ದೆ. ಬಟಾಣಿ ಅಲ್ಲದ ಇನ್ನೊಂದು ಜೀವಕ್ಕೂ ಇದೇ ಚೌಕ ಎಂದು ಒಂದು ದಿನವೂ ಹೇಳಿರಲಿಲ್ಲ.

ಮರಿಯನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತೆವು. ಅವನು ಆ ಜೋಡಿಯನ್ನು ಬೇರೆ ಬೇರೆ ಪೆಟ್ಟಿಗೆಗೆ ಹಾಕಿದ್ದಾನೆ. ಗಂಡಿಲ್ಲದೆಯೂ ಹೆಣ್ಣು ಮತ್ತೆ ಎರಡು ತತ್ತಿ ಇಟ್ಟಿತು. ಅವನ್ನು ಕಾವಿಗೆ ಇಡದೆ ತೆಗೆದು ಶೀತಪೆಟ್ಟಿಗೆಯಲ್ಲಿಟ್ಟ. ಬದುಕಿದ ಐದರಲ್ಲಿ ಮೂರನ್ನು ಮಾರುವಾಗ ಫೋಟೊದ ಕೆಳಗೆ ಬರೆದ: ತಂದೆತಾಯಿ ಇಬ್ಬರೂ ಲಿಲಿ ವೈಟ್, ತಪ್ಪಾದ ಜೋಡಿ, ಎಂಟರಲ್ಲಿ ಮೂರು ಸತ್ತವು, ಮತ್ತೆ ಈ ಜೋಡಿ ಮಾಡುವುದಿಲ್ಲ. ಮೊದಲು ಕೇಳಿದ್ದ ಇಬ್ಬರು ಸುಮ್ಮನಾದರು. ಒಬ್ಬಳು ಮಾತ್ರ ಫೋನ್ ಮಾಡಿ, ಅಷ್ಟು ಬರೆದದ್ದಕ್ಕೇ ತೆಗೆದುಕೊಳ್ಳುತ್ತೇನೆ ಅಂದಳಂತೆ. ಉಳಿದವು ಇನ್ನೂ ಅವನ ಹತ್ತಿರವೇ ಇವೆ.